ಬೇಗ ಬಿಟ್ಟ ದಿನ ಮಗು ಎಲ್ಲಿತ್ತು?

ನಾನು ಕೊಡಗಿನ ಸಿದ್ದಾಪುರ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಮಕ್ಕಳ ಸುರಕ್ಷತೆ ಅಂದ್ರೆ ಕಾಂಪೌಂಡು, ಗೇಟು, ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರು ಅಂತಲೇ ಬಹಳ ವರ್ಷ ಅಂದುಕೊಂಡಿದ್ದೆ.

2018ರ ಜುಲೈ. ಮಳೆ ಹಿಡಿದು ಬಿಡದೆ ಸುರಿಯುತ್ತಿತ್ತು. ಮಧ್ಯಾಹ್ನ ಊಟ ಮಾಡಿಸಿ ಮಕ್ಕಳನ್ನು ಬೇಗ ಮನೆಗೆ ಕಳಿಸಿದೆವು. ಒಳ್ಳೆಯ ಕೆಲಸ ಮಾಡಿದೆವು ಅನ್ನೋ ಸಮಾಧಾನ. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಎರಡು ಕಿಲೋಮೀಟರ್ ನಡೆದು ತೋಟದ ಲೈನ್ ಮನೆ, ಅಂದ್ರೆ ಕೆಲಸಗಾರರ ಸಾಲುಮನೆ, ತಲುಪಿದಳು. ಮನೆಗೆ ಬೀಗ. ಅಪ್ಪ ಅಮ್ಮ ಇಬ್ಬರೂ ಪ್ಲಾಸ್ಟಿಕ್ ಹೊದ್ದುಕೊಂಡು ಕೆಲಸದಲ್ಲಿದ್ದರು. ಅವಳು ಕೆರೆಯ ಪಕ್ಕದ ಪಂಪ್ ಶೆಡ್ಡಿನ ಕೆಳಗೆ ನಾಲ್ಕೂವರೆವರೆಗೆ ನಿಂತಿದ್ದಳು, ಒಬ್ಬಳೇ. ಅವತ್ತು ಬೆಳಗ್ಗೆ ಅದೇ ತೋಟದಲ್ಲಿ ಆನೆಗಳಿದ್ದವು ಅಂತ ನಮಗೆ ಆಮೇಲೆ ಗೊತ್ತಾಯಿತು.

ಮರುದಿನ ಅವಳ ಅಮ್ಮ ಬಂದರು. ಜಗಳ ಮಾಡಲಿಲ್ಲ. "ಬೇಗ ಬಿಡ್ತೀರಿ ಅಂತ ನಮಗೆ ಯಾರು ಹೇಳಿದ್ರು ಟೀಚರ್?" ಅಂದರು, ಅಷ್ಟೇ. ಅವರ ಹತ್ತಿರ ಫೋನೇ ಇರಲಿಲ್ಲ.

ಆ ವಾರವೇ ಒಂದು ಉದ್ದದ ನೋಟ್‌ಬುಕ್ ತಂದೆವು. ನಾವು ಅದನ್ನು ದಾರಿ ಪುಸ್ತಕ ಅಂತೀವಿ. ಹಾಜರಿ ಪುಸ್ತಕ ಕ್ಲಾಸಿನ ಲೆಕ್ಕದಲ್ಲಿರುತ್ತದೆ, ಇದು ದಾರಿಯ ಲೆಕ್ಕದಲ್ಲಿದೆ. ನಮ್ಮ ಮಕ್ಕಳು ಐದು ದಾರಿಯಲ್ಲಿ ಬರುತ್ತಾರೆ. ಯಾರು ಯಾರ ಜೊತೆ ನಡೆಯುತ್ತಾರೆ, ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ, ಯಾರಿಗೆ ಫೋನ್ ಮಾಡಬೇಕು, ಎಲ್ಲ ಬರೆದೆವು. ಲೈನ್ ಮನೆಗಳಿಗೆ ತೋಟದ ರೈಟರ (ಕೆಲಸದ ಲೆಕ್ಕ ಬರೆಯುವವರ) ನಂಬರ್ ಹಾಕಿದೆವು, ಯಾಕಂದ್ರೆ ಯಾರು ಯಾವ ಬ್ಲಾಕಿನಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಅವರಿಗೇ ಗೊತ್ತಿರುವುದು. ಆ ಕಡೆಯಿಂದ "ಸರಿ, ಕಳಿಸಿ" ಅಂತ ಉತ್ತರ ಬರುವವರೆಗೆ ಆ ದಾರಿಯ ಮಕ್ಕಳು ಶಾಲೆ ಬಿಟ್ಟು ಹೊರಡುವುದಿಲ್ಲ. ಉತ್ತರ ಬರದಿದ್ದರೆ ಒಬ್ಬ ಟೀಚರ್ ಜೊತೆಗೆ ಉಳಿಯುತ್ತೇವೆ. ಬಿಸಿಯೂಟದ ಅಕ್ಕ ಅಂಥ ದಿನಕ್ಕೆ ಅಂತಲೇ ಸ್ವಲ್ಪ ಅವಲಕ್ಕಿ ಎತ್ತಿಟ್ಟಿರುತ್ತಾರೆ.

ಆನೆಯ ವಿಷಯದಲ್ಲಿ ಮುಂಜಾನೆ ಮತ್ತು ಮುಸ್ಸಂಜೆ ಜಾಸ್ತಿ ಭಯ. ಅದಕ್ಕೇ ಸ್ಪೆಷಲ್ ಕ್ಲಾಸನ್ನು ಸಂಜೆ ಇಡುವುದನ್ನೇ ಬಿಟ್ಟೆವು. ಹಲಸು ಹಣ್ಣಾಗುವ ಕಾಲದಲ್ಲಿ ಹಲಸಿನ ಮರ ಇರುವ ದಾರಿ ಬೇಡ, ಸುತ್ತು ಬಳಸಿ ಬನ್ನಿ ಅಂತ ಹೇಳುತ್ತೇವೆ.

ಅದೇ ವರ್ಷ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಕುಸಿದವು. ನಾವು ಕೊಡಗಿನವರು ಮಳೆಯನ್ನು ಇಂಚಿನಲ್ಲೇ ಹೇಳುವುದು, ಅಲ್ವಾ? ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳುತ್ತದೆ. ಒಂದು ದಿನಕ್ಕೆ 204.4 ಮಿ.ಮೀ. ದಾಟಿದರೆ ಅವರ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಮೇಲಿನ ದರ್ಜೆಯ ಮಳೆ, ಅಂದ್ರೆ ನಮ್ಮ ಎಂಟು ಇಂಚು. ಆದರೆ ಒಂದು ದಿನದ ಮಳೆಯನ್ನಷ್ಟೇ ನೋಡಿದರೆ ಸಾಲದು. ದಿನಗಟ್ಟಲೆ ನೆನೆದ ಮಣ್ಣಿಗೆ ಆಮೇಲೆ ಬೀಳುವ ನಾಲ್ಕು ಇಂಚೂ ಭಾರವೇ. ಪಕ್ಕದ ತೋಟದವರು ಬೆಳಗ್ಗೆ ಅಳೆದ ಮಳೆಯನ್ನು ನಮಗೆ ಹೇಳುತ್ತಾರೆ, ಏಳು ದಿನದ್ದನ್ನು ಬೋರ್ಡಿನ ಮೂಲೆಯಲ್ಲಿ ಕೂಡಿಸುತ್ತೇವೆ. ಬರೆಯಲ್ಲಿ, ಅಂದ್ರೆ ಕಡಿದಾದ ಮಣ್ಣಿನ ದಿಬ್ಬದಲ್ಲಿ, ಬಿರುಕು ಕಂಡರೆ, ಮರ ವಾಲಿದರೆ, ತಿಳಿಯಾಗಿದ್ದ ಒರತೆ ನೀರು ಕೆಂಪಾದರೆ ಓಡಿ ಬಂದು ಹೇಳಬೇಕು ಅಂತ ಮಕ್ಕಳಿಗೆ ಕಲಿಸಿದ್ದೇವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಚಿತ್ರಗಳು. ಮನೆಯಿಂದ ಶಾಲೆಗೆ ಬರುವ ದಾರಿ ಬಿಡಿಸಿ, ಭಯ ಆಗುವ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ ಅಂದೆವು. ನಾಯಿ, ಜೋತುಬಿದ್ದ ಕರೆಂಟ್ ತಂತಿ, ಕಾಲು ಜಾರುವ ಮರದ ಪಾಲ (ಸೇತುವೆ), ಹೀಗೆ ದೊಡ್ಡವರಿಗೆ ಕಾಣದ್ದೆಲ್ಲ ಬಂತು. ಒಬ್ಬ ಹುಡುಗಿ ಮಾತ್ರ ಒಂದು ಮನೆಯ ಮುಂದೆ ಕ್ರೇಯಾನ್ ಒತ್ತಿ ಒತ್ತಿ, ಹಾಳೆ ಹರಿಯುವಷ್ಟು ಕೆಂಪು ಮಾಡಿದ್ದಳು. ಅಲ್ಲಿ ನಾಯಿಯೂ ಇಲ್ಲ, ತಂತಿಯೂ ಇಲ್ಲ. ಎಲ್ಲರೆದುರು ಕೇಳಲಿಲ್ಲ. ಮರುದಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ನೆಪದಲ್ಲಿ ಪಕ್ಕ ಕೂತೆ. ನಿಧಾನಕ್ಕೆ ಹೇಳಿದಳು.

"ಊರಿನ ಮರ್ಯಾದೆ, ಮಾತಾಡಿ ಮುಗಿಸೋಣ" ಅಂದವರಿದ್ದರು. ನಾನು ಒಪ್ಪಲಿಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಪ್ರಕಾರ ಇಂಥದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆವು, ಪೊಲೀಸರಿಗೂ ತಿಳಿಸಿದೆವು. ಮಗುವಿನ ಹೆಸರು ನಮ್ಮಿಂದ ಹೊರಗೆ ಹೋಗಲಿಲ್ಲ. ಅವಳು ಶಾಲೆ ತಪ್ಪಿಸಲಿಲ್ಲ. ಮುಂದಿನ ವರ್ಷ ಅವಳ ಚಿತ್ರದಲ್ಲಿ ಆ ಮನೆ ಇತ್ತು, ಕೆಂಪು ಇರಲಿಲ್ಲ.

ಪ್ರತಿ ಜೂನ್‌ನಲ್ಲಿ ಪುಸ್ತಕವನ್ನು ಹೊಸದಾಗಿ ಬರೆಯುತ್ತೇವೆ. ಕೆಲಸಗಾರರ ಮನೆ ಬದಲಾಗಿರುತ್ತದೆ, ನಂಬರ್ ಬದಲಾಗಿರುತ್ತದೆ. ಈ ವರ್ಷವೂ ಏಳು ಮಕ್ಕಳು ಆ ಪಂಪ್ ಶೆಡ್ಡಿನ ಕೆರೆಗೆ ಕೆಂಪು ಹಚ್ಚಿದ್ದಾರೆ. ಬೇಲಿ ಹಾಕಿಸಿ ಅಂತ ತೋಟದವರನ್ನು ಎರಡು ಸಲ ಕೇಳಿದ್ದೇವೆ, ಇನ್ನೂ ಆಗಿಲ್ಲ. ಅಲ್ಲಿವರೆಗೆ ಆ ಮಕ್ಕಳು ಮೇಲಿನ ದಾರಿಯಲ್ಲಿ ಬರುತ್ತಿದ್ದಾರೆ, ಹತ್ತು ನಿಮಿಷ ಜಾಸ್ತಿ ಆಗುತ್ತದೆ. ಆ ಹತ್ತು ನಿಮಿಷಕ್ಕೆ ಪ್ರಾರ್ಥನೆಯನ್ನೇ ತಡವಾಗಿ ಶುರು ಮಾಡುತ್ತೇವೆ.