ಗಿಟಾರಿನ ಗುಂಯ್: ತಾಮ್ರದ ಟೇಪ್ ತರುವ ಮೊದಲು ತಂತಿ ಮುಟ್ಟಿ ನೋಡಿ

ಸಂಜೆ ಇಲೆಕ್ಟ್ರಿಕ್ ಗಿಟಾರಿನ ದನಿ ಏರಿಸುವ ಆ್ಯಂಪ್ ಆನ್ ಮಾಡಿದರೆ ಸಾಕು, ನಮ್ಮ ಧಾರವಾಡದ ಮನೆಯ ಅಡುಗೆಕೋಣೆಯಿಂದ ಪ್ರಶ್ನೆ ಬರುತ್ತಿತ್ತು: "ಆ ಡಬ್ಬಿಯೊಳಗ ದುಂಬಿ ಹೊಕ್ಕೈತೇನೋ?" ದುಂಬಿ ಇರಲಿಲ್ಲ, ಆದರೆ ಸದ್ದು ಥೇಟ್ ಅದೇ. ಬಾರಿಸುವಾಗ ಗೊತ್ತಾಗುವುದಿಲ್ಲ. ಕೈ ನಿಂತ ಕೂಡಲೇ ಗುಂಯ್ ಅನ್ನುತ್ತದೆ.

ನಮ್ಮ ಮನೆಗಳ ಕರೆಂಟು ಸೆಕೆಂಡಿಗೆ 50 ಸುತ್ತು (50 ಹರ್ಟ್ಸ್) ಹಾಕುತ್ತದೆ. ಗುಂಯ್ ಹುಟ್ಟುವುದು ಅಲ್ಲಿ. ಅದರ ಜೊತೆಗೆ 100, 150 ಹರ್ಟ್ಸ್‌ನ ಮೇಲಿನ ಸ್ವರಗಳೂ ಸೇರಿಕೊಳ್ಳುತ್ತವೆ. ಆರನೇ ತಂತಿಯ ಮೂರನೇ ಫ್ರೆಟ್ಟಿನ ಜಿ ಸ್ವರ 98 ಹರ್ಟ್ಸ್. ಅಂದರೆ ಈ 100 ಹರ್ಟ್ಸ್ ಅದಕ್ಕಿಂತ ಒಂದು ಕೂದಲೆಳೆ ಮೇಲೆ ಕೂತಿರುತ್ತದೆ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಹಾಡಿದ ಅವಳಿ ನಗರದಲ್ಲಿ ಶ್ರುತಿ ತಪ್ಪಿದ ತಂಬೂರಿಯನ್ನು ಯಾರು ಸಹಿಸುತ್ತಾರೆ ಹೇಳಿ.

ನಾನು ಮಾಡಿದ ತಪ್ಪನ್ನೇ ಎಲ್ಲರೂ ಮಾಡುತ್ತಾರೆ. ಸೀದಾ ಹುಬ್ಬಳ್ಳಿಗೆ ಹೋಗಿ ತಾಮ್ರದ ಟೇಪ್ ತಂದು, ಗಿಟಾರಿನ ಹೊಟ್ಟೆ ತುಂಬಾ ಅಂಟಿಸಿದೆ. ಸದ್ದು ಅರ್ಧ ಕಮ್ಮಿಯಾಯಿತು, ಇನ್ನರ್ಧ ಹಾಗೇ ಉಳಿಯಿತು. ಯಾಕೆಂದರೆ ನಾವು ಒಂದೇ ಎಂದುಕೊಳ್ಳುವ ಈ ಸದ್ದು ನಿಜಕ್ಕೂ ಎರಡು. ಒಂದು ದಪ್ಪ ದನಿಯ ಗುಂಯ್. ಟ್ರಾನ್ಸ್‌ಫಾರ್ಮರ್, ಮೋಟಾರ್‌ಗಳ ಸುತ್ತ ಇರುವ ಕಾಂತಕ್ಷೇತ್ರದಿಂದ ಬರುವಂಥದ್ದು. ಇನ್ನೊಂದು ತೆಳು ದನಿಯ, ಚರಚರ ಅನ್ನುವ ಜುಂಯ್. ಗೋಡೆಯ ವೈರಿಂಗ್, ದೀಪಗಳಿಂದ ವಿದ್ಯುತ್ ಕ್ಷೇತ್ರವಾಗಿ ಬರುವಂಥದ್ದು. ತಾಮ್ರದ ಹಾಳೆ ಜುಂಯ್ ತಡೆಯುತ್ತದೆ. 50 ಹರ್ಟ್ಸ್ ಕಾಂತಕ್ಷೇತ್ರಕ್ಕೆ ಅದು ಗಾಳಿಗೆ ಸೊಳ್ಳೆ ಪರದೆ ಇದ್ದ ಹಾಗೆ, ಗುಂಯ್ ಆಚೆಯಿಂದ ಈಚೆಗೆ ಆರಾಮಾಗಿ ಬರುತ್ತದೆ.

ಹಾಗಾಗಿ ಮೊದಲು ಐದು ನಿಮಿಷದ ಪರೀಕ್ಷೆ. ಗಿಟಾರಿನ ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ಹೋಯಿತೇ? ಹಾಗಿದ್ದರೆ ಅದು ಪಿಕಪ್‌ನಿಂದ (ತಂತಿಗಳ ಕೆಳಗೆ ಕೂತು ಅವುಗಳ ನಡುಕವನ್ನು ಹಿಡಿಯುವ, ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಸುರುಳಿ) ಅಥವಾ ಗಿಟಾರಿನ ಒಳಗಿನ ವೈರಿಂಗಿನಿಂದ ಬರುತ್ತಿದೆ. ಹೋಗಲಿಲ್ಲವಾ? ಕೇಬಲ್, ಅದನ್ನು ಚುಚ್ಚುವ ಜಾಕ್, ದನಿ ಬದಲಿಸುವ ಪೆಡಲ್ ಅಥವಾ ಆ್ಯಂಪ್ ಕಡೆ ನೋಡಿ, ಪಿಕಪ್ ಮುಟ್ಟಬೇಡಿ.

ಈಗ ವಾಲ್ಯೂಮ್ ಏರಿಸಿ, ಕುರ್ಚಿಯ ಮೇಲೆ ಕೂತಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗಿ. ಯಾವುದೋ ಒಂದು ದಿಕ್ಕಿಗೆ ಸದ್ದು ಕುಗ್ಗಿ, ಇನ್ನೊಂದು ದಿಕ್ಕಿಗೆ ಏರಿದರೆ ಅದು ಕಾಂತಕ್ಷೇತ್ರದ ಗುಂಯ್. ಆಮೇಲೆ ತಂತಿಯ ಮೇಲೆ ಅಂಗೈ ಇಡಿ. ಸದ್ದು ತಟ್ಟನೆ ಇಳಿದರೆ ಅದು ಜುಂಯ್. ನಿಮ್ಮ ಮೈ, ಸುತ್ತಲಿನ ಕರೆಂಟಿನ ಸದ್ದನ್ನು ಆಂಟೆನಾದಂತೆ ಹಿಡಿದು ಗಿಟಾರಿಗೆ ದಾಟಿಸುತ್ತಿತ್ತು. ತಂತಿ ಮುಟ್ಟಿದಾಗ ಮೈ ಗ್ರೌಂಡಿಗೆ, ಅಂದರೆ ಆ್ಯಂಪ್ ಮೂಲಕ ಮನೆಯ ಅರ್ಥಿಂಗಿಗೆ ಸೇರಿತು. ಮುಟ್ಟಿದರೆ ಜಾಸ್ತಿಯಾಗುತ್ತದಾ? ಆಗ ತಂತಿಗಳು ಕೂರುವ ಬ್ರಿಡ್ಜಿನ ಕೆಳಗಿನ ಗ್ರೌಂಡ್ ವೈರ್ ಕಿತ್ತಿರಬೇಕು, ಇಲ್ಲವೇ ಜಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿರಬೇಕು.

ಇಲ್ಲೊಂದು ಎಚ್ಚರಿಕೆ. ತಂತಿ ಗ್ರೌಂಡಿಗೆ ಸೇರಿದೆ ಎಂದರೆ ನೀವೂ ಸೇರಿದ್ದೀರಿ ಎಂದರ್ಥ. ಮನೆಯ ಅರ್ಥಿಂಗ್ ಸರಿ ಇರಲೇಬೇಕು. ಇಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ತೋರಿಸಿ: ಫೇಸ್‌ನಿಂದ ಅರ್ಥ್‌ಗೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೆರಡು ವೋಲ್ಟ್ ಇದ್ದರೆ ಚೆನ್ನ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಅರ್ಥಿಂಗ್ ಗುಂಡಿ ಒಣಗುತ್ತದೆ. ಹಳೆಯ ಇದ್ದಿಲು-ಉಪ್ಪಿನ ಗುಂಡಿಯಾದರೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಿ. "ಮೂರನೇ ಪಿನ್ ಕಿತ್ತುಬಿಡು, ಸದ್ದು ಹೋಗುತ್ತೆ" ಎಂದು ಸಲಹೆ ಕೊಡುವವರು ಪ್ರತಿ ಬ್ಯಾಂಡಿನಲ್ಲೂ ಒಬ್ಬರಿರುತ್ತಾರೆ. ಸದ್ದೂ ಹೋಗಬಹುದು, ಜೀವವೂ ಹೋಗಬಹುದು. ಗಣೇಶ ಪೆಂಡಾಲಿನ ವೇದಿಕೆಯಲ್ಲಂತೂ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸುವ ಮೊದಲು ಸೌಂಡ್‌ನವರನ್ನು ಅರ್ಥಿಂಗ್ ಬಗ್ಗೆ ಕೇಳಿ.

ಇನ್ನು ಖರ್ಚಿಲ್ಲದ ಕೆಲಸ. ಆ್ಯಂಪ್‌ನಿಂದ ದೂರ ಸರಿಯಿರಿ. ಕಾಂತಕ್ಷೇತ್ರ ದೂರ ಹೋದಂತೆ ಬೇಗ ಸೊರಗುತ್ತದೆ, ಎರಡು ಹೆಜ್ಜೆ ಹಿಂದೆ ಹೋದರೂ ವ್ಯತ್ಯಾಸ ಕೇಳಿಸುತ್ತದೆ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್, ದೀಪದ ಡಿಮ್ಮರ್, ಅಗ್ಗದ ಫೋನ್ ಚಾರ್ಜರ್ ಒಂದೊಂದಾಗಿ ಆರಿಸಿ ನೋಡಿ. ತಿರುಗಿಸುವ ಗುಂಡಿಯ ಕೆಲವು ಫ್ಯಾನ್ ರೆಗ್ಯುಲೇಟರ್‌ಗಳು ಡಿಮ್ಮರ್ ತರಹವೇ ಕರೆಂಟನ್ನು ಕತ್ತರಿಸಿ ಕೊಡುತ್ತವೆ, ಜುಂಯ್ ಅಲ್ಲಿಂದಲೂ ಬರುತ್ತದೆ. ಫ್ಯಾನ್ ಫುಲ್ ಸ್ಪೀಡಿಗೆ ಇಟ್ಟಾಗ ಸದ್ದು ಕಮ್ಮಿಯಾದರೆ ಕಳ್ಳ ಸಿಕ್ಕ ಹಾಗೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ಬಾರಿಸುವಾಗ ಸದ್ದು ದುಪ್ಪಟ್ಟಾದರೆ ಆಶ್ಚರ್ಯ ಬೇಡ. ಸ್ಕ್ವೇರ್ ವೇವ್ ಇನ್ವರ್ಟರ್‌ಗಳ ಗುಣವೇ ಹಾಗೆ.

ಪೆಡಲ್ ಇದ್ದವರು ಎಲ್ಲವನ್ನೂ ತೆಗೆದು ನೇರ ಆ್ಯಂಪ್‌ಗೆ ಒಮ್ಮೆ ಚುಚ್ಚಿ ನೋಡಿ, ಬಹಳ ಸಲ ತಪ್ಪಿತಸ್ಥ ಅಡಾಪ್ಟರ್ ಆಗಿರುತ್ತದೆ. ದನಿಯನ್ನು ಬೇಕೆಂದೇ ಒರಟು ಮಾಡುವ ಡಿಸ್ಟಾರ್ಷನ್ ಗೇಯ್ನ್ ಇಳಿಸಿ. ಅದು ಗುಂಯ್ ಹುಟ್ಟಿಸುವುದಿಲ್ಲ, ಆದರೆ ಇದ್ದದ್ದನ್ನು ಹೊತ್ತು ಮೆರೆಸುತ್ತದೆ.

ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ನ ಗಿಟಾರ್ ಆದರೆ, ಪಿಕಪ್ ಆರಿಸುವ ಐದು ಜಾಗದ ಸ್ವಿಚ್ಚನ್ನು 2 ಅಥವಾ 4ನೇ ಜಾಗಕ್ಕೆ ತನ್ನಿ. ಅಲ್ಲಿ ನಡುವಿನ ಪಿಕಪ್ ಪಕ್ಕದ ಒಂದರ ಜೊತೆ ಸೇರುತ್ತದೆ. ಈಗಿನ ಹೆಚ್ಚಿನ ಮಾದರಿಗಳಲ್ಲಿ ಗುಂಯ್ ತಟ್ಟನೆ ಮಾಯವಾಗುತ್ತದೆ. ಯಾಕೆ ಗೊತ್ತಾ? ನಡುವಿನ ಪಿಕಪ್‌ನ ಸುರುಳಿಯನ್ನು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟಿರುತ್ತಾರೆ. ಹೆಂಚಿನ ಮೇಲೆ ಎರಡು ಸಲ ಮಗುಚಿದ ರೊಟ್ಟಿ ಮೊದಲಿನ ಮಗ್ಗಲಿಗೇ ಬರುತ್ತದಲ್ವಾ? ಗಿಟಾರ್ ತಂತಿಯ ದನಿಯೂ ಹಾಗೆ: ಸುತ್ತಿನಿಂದ ಒಮ್ಮೆ, ಅಯಸ್ಕಾಂತದಿಂದ ಒಮ್ಮೆ ಮಗುಚಿ, ಪಕ್ಕದ ಪಿಕಪ್‌ನ ದನಿಯ ಜೊತೆ ಕೂಡಿಕೊಳ್ಳುತ್ತದೆ. ಹೊರಗಿನಿಂದ ಬಂದ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ. ಅದು ಒಂದೇ ಸಲ ಮಗುಚುತ್ತದೆ, ಪಕ್ಕದ ಪಿಕಪ್‌ನ ಗುಂಯ್‌ಗೆ ಎದುರಾಗಿ ನಿಂತು ಎರಡೂ ಸಾಯುತ್ತವೆ. ಈ ಉಪಾಯವನ್ನೇ ಒಂದು ಪಿಕಪ್‌ನೊಳಗೆ ತುಂಬಿದ್ದು ಹಂಬಕರ್. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, 1959ರಲ್ಲಿ ಸಿಕ್ಕಿತು.

ಪರೀಕ್ಷೆಯಲ್ಲಿ ನಿಮಗೆ ಸಿಕ್ಕಿದ್ದು ಜುಂಯ್ ಆದರೆ, ಈಗ ತಾಮ್ರದ ಟೇಪ್ ತನ್ನಿ. ಅಂಟು ಕೂಡ ಕರೆಂಟು ಹರಿಸುವಂಥದ್ದೇ ಬೇಕು, ಕೇಳಿ ತಗೊಳ್ಳಿ. ಜೊತೆಗೆ 25 ವ್ಯಾಟ್‌ನ ಸೋಲ್ಡರಿಂಗ್ ಐರನ್, ಒಂದು ಸಾದಾ ಮಲ್ಟಿಮೀಟರ್ ಇದ್ದರೆ ಸಾಕು.

ಕೇಬಲ್ ಕಿತ್ತು, ತಂತಿ ಬಿಚ್ಚಿ, ಗಿಟಾರಿನ ಮುಂಬದಿಯ ಮುಚ್ಚಳದಂಥ ಪಿಕ್‌ಗಾರ್ಡಿನ ಸ್ಕ್ರೂ ತೆಗೆಯಿರಿ. ಒಳಗಿನ ವೈರಿಂಗಿನ ಫೋಟೋ ತೆಗೆದುಕೊಳ್ಳಿ, ನೆನಪಿರುತ್ತದೆ ಎಂದು ಸುಮ್ನೆ ನಂಬಬೇಡಿ. ಗುಳಿಯ ತಳ, ಗೋಡೆ ಎಲ್ಲಕ್ಕೂ ಟೇಪ್ ಅಂಟಿಸಿ. ಒಂದು ಪಟ್ಟಿಯ ಅಂಚು ಇನ್ನೊಂದರ ಮೇಲೆ ಅರ್ಧ ಸೆಂಟಿಮೀಟರ್ ಏರಿರಲಿ. ಒಂದೆರಡು ಕಡೆ ಅಂಚನ್ನು ಗುಳಿಯ ಮೇಲಕ್ಕೆ ಮಡಿಸಿ, ಪಿಕ್‌ಗಾರ್ಡಿನ ಹಿಂಬದಿಗೂ ಟೇಪ್ ಹಾಕಿ. ಮುಚ್ಚಿದಾಗ ಎರಡೂ ತಾಗಿ ಪೂರ್ತಿ ಡಬ್ಬಿಯಾಗಬೇಕು. ತಾಮ್ರದಿಂದ ವಾಲ್ಯೂಮ್ ಗುಂಡಿಯ ಕೆಳಗಿರುವ ಪಾಟ್‌ನ ಬೆನ್ನಿಗೆ ಒಂದು ವೈರ್ ಬೆಸೆಯಿರಿ. ಇದು ತಪ್ಪಿದರೆ ಮಾಡಿದ್ದೆಲ್ಲ ಅಲಂಕಾರ ಅಷ್ಟೇ. ಮಲ್ಟಿಮೀಟರಿನಲ್ಲಿ ತಾಮ್ರದ ಯಾವುದೇ ಮೂಲೆಯಿಂದ ಜಾಕ್‌ನ ಗ್ರೌಂಡಿಗೆ ಹತ್ತಿರ ಹತ್ತಿರ ಸೊನ್ನೆ ಓಮ್ ತೋರಿಸಬೇಕು. ಬ್ರಿಡ್ಜಿನ ವೈರನ್ನೂ ಹಾಗೇ ನೋಡಿಬಿಡಿ.

ಮೊದಲ ಸಲ ಇಷ್ಟೂ ಮಾಡಿ, ಮುಚ್ಚಿ, ಹೊಸ ತಂತಿ ಕಟ್ಟಿ, ಆ್ಯಂಪ್ ಹಚ್ಚಿದೆ. ಸ್ಮಶಾನ ಮೌನ. ಕುಣಿದಾಡಿದೆ. ಆಮೇಲೆ ತಂತಿ ಮೀಟಿದರೆ ಗಿಟಾರಿನ ದನಿಯೂ ಇಲ್ಲ! ಸೆಲೆಕ್ಟರ್ ಸ್ವಿಚ್ಚಿನ ಒಂದು ಕಾಲು ತಾಮ್ರಕ್ಕೆ ತಾಗಿತ್ತು. ಸ್ವಿಚ್ಚು, ಜಾಕ್ ಬರುವ ಜಾಗದಲ್ಲಿ ತಾಮ್ರದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಹಾಕುವುದನ್ನು ಅವತ್ತು ಕಲಿತೆ.

ಗುಂಯ್ ಕಾಂತಕ್ಷೇತ್ರದ್ದೇ ಆಗಿದ್ದು, ಒಂದೇ ಪಿಕಪ್ ಕೆಲಸ ಮಾಡುವ 1, 3, 5ನೇ ಜಾಗಗಳಲ್ಲೂ ಅದು ಬೇಡ ಎನ್ನುವವರು ಪಿಕಪ್ ಬದಲಿಸಬೇಕಾಗುತ್ತದೆ. ಸಿಂಗಲ್ ಕಾಯಿಲ್ ಗಾತ್ರದಲ್ಲೇ ಎರಡು ಕಾಯಿಲ್ ಒಂದರ ಮೇಲೊಂದು ಕೂರಿಸಿದ ಪಿಕಪ್‌ಗಳು ಸಿಗುತ್ತವೆ. ದನಿಯ ಹೊಳಪು ಸ್ವಲ್ಪ ಬದಲಾಗುತ್ತದೆ, ಕೇಳಿ ನೋಡಿ ಕೊಳ್ಳಿ. ನಾಯ್ಸ್ ಗೇಟ್ ಪೆಡಲ್ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ನೀವು ಬಾರಿಸದಿದ್ದಾಗ ಅದು ಬಾಗಿಲು ಮುಚ್ಚುತ್ತದೆ, ಬಾರಿಸುವಾಗ ಗುಂಯ್ ಒಳಗೇ ಇರುತ್ತದೆ. ಉದ್ದ ಎಳೆದ ಸ್ವರದ ಬಾಲವನ್ನೂ ಕೆಲವೊಮ್ಮೆ ಕತ್ತರಿಸುತ್ತದೆ.

ನಾನು ಪಿಕಪ್ ಬದಲಿಸಲಿಲ್ಲ. ಕಿಟಕಿ ಕಡೆ ಮುಖ ಮಾಡಿ ಕೂತರೆ ಗುಂಯ್ ಕಮ್ಮಿ ಎಂದು ಗೊತ್ತಾಗಿದೆ, ಕುರ್ಚಿ ಈಗ ಅಲ್ಲೇ ಇದೆ. ಹಾಡು ಮುಗಿದ ಕೂಡಲೇ ಕಿರುಬೆರಳು ತಾನಾಗಿ ವಾಲ್ಯೂಮ್ ಗುಂಡಿ ಇಳಿಸುತ್ತದೆ. ಅಡುಗೆಕೋಣೆಯಿಂದ ದುಂಬಿಯ ವಿಚಾರಣೆ ನಿಂತಿದೆ. "ಹಾಡು ಅಷ್ಟು ಚೊಲೊ ಬರಂಗಿಲ್ಲ ನೋಡು" ಅನ್ನುವುದು ಶುರುವಾಗಿದೆ.