ಡಟನ್ ಫೇಟನ್‌ಗೆ ಝೆಟೆಕ್ ಎಂಜಿನ್ ಕೂರಿಸಿದ ನನ್ನ ಅನುಭವ

ನನ್ನ ಡಟನ್ ಫೇಟನ್ 1984ರಲ್ಲಿ ನೋಂದಣಿಯಾದ ಕಿಟ್ ಕಾರು. ಅದರಲ್ಲಿದ್ದದ್ದು ಫೋರ್ಡ್ ಕಂಪನಿಯ 1,599 ಸಿಸಿ ಕ್ರಾಸ್‌ಫ್ಲೋ ಎಂಜಿನ್, ಜೊತೆಗೆ ನಾಲ್ಕು ಗೇರಿನ ಗೇರ್‌ಬಾಕ್ಸ್. ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಇಲ್ಲಿನ ಮೋಟರ್‌ವೇನಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿ.ಮೀ. ಹಿಡಿದರೆ ಎಂಜಿನ್ 3,800 ಆರ್‌ಪಿಎಮ್ (ನಿಮಿಷಕ್ಕೆ ಇಷ್ಟು ಸುತ್ತು) ಮೇಲೆ ಅರಚುತ್ತಿತ್ತು. ಪಕ್ಕದಲ್ಲಿ ಕೂತ ಮಗಳು ಏನು ಹೇಳಿದರೂ ಕೇಳಿಸುತ್ತಿರಲಿಲ್ಲ. ಎಂಜಿನ್ ಆಯಿಲ್ ಕುಡಿಯೋಕೂ ಶುರು ಮಾಡಿತ್ತು. ಸಿಲಿಂಡರ್ ಕೊರೆಸಿ ರೀಬೋರ್ ಮಾಡಿಸೋದಾ, ಬೇರೆ ಎಂಜಿನ್ ಹಾಕೋದಾ ಅಂತ ಒಂದು ಚಳಿಗಾಲ ಪೂರ್ತಿ ಯೋಚಿಸಿದೆ.

ಕಿಟ್ ಕಾರ್ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಕಂಪನಿ ಕೊಡೋದು ಚಾಸಿ ಮತ್ತು ಬಾಡಿ ಮಾತ್ರ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಹಿಂದಿನ ಚಕ್ರಗಳ ಆಕ್ಸಲ್), ಸ್ಟೀರಿಂಗ್ ಎಲ್ಲ ಒಂದು ಹಳೆ ಕಾರಿನಿಂದ ಬಿಚ್ಚಿ ನಾವೇ ಜೋಡಿಸಬೇಕು. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಹೀಗೆ ಬಿಡಿಯಾಗಿ ಕೊಂಡರೆ ಖರೀದಿ ತೆರಿಗೆ ಉಳಿಯುತ್ತಿತ್ತು. 1973ರಲ್ಲಿ ವ್ಯಾಟ್ ಬಂದ ಮೇಲೆ ಆ ಲಾಭ ಹೋಯಿತು, ಆದರೂ ಕಟ್ಟುವವರು ನಿಲ್ಲಿಸಲಿಲ್ಲ. ಸಸೆಕ್ಸ್‌ನ ಡಟನ್ ಕಂಪನಿಯ ಈ ಫೇಟನ್‌ಗೆ ಬೇಕಾದ್ದೆಲ್ಲ ಫೋರ್ಡ್ ಎಸ್ಕಾರ್ಟ್‌ನಿಂದ ಬರುತ್ತದೆ. ಚೌಕ ಪೈಪಿನ ಉಕ್ಕಿನ ಚಾಸಿ, ಮೇಲೆ ಹಗುರವಾದ ಬಾಡಿ. ಕೈ ಹಾಕಲು ಹೆದರಿಕೆಯಾಗದಂಥ ಸರಳ ಗಾಡಿ.

ಕೊನೆಗೆ ಆರಿಸಿದ್ದು 2 ಲೀಟರ್ ಝೆಟೆಕ್. 1,988 ಸಿಸಿ, ಎರಡು ಕ್ಯಾಮ್, 16 ವಾಲ್ವ್. ಫೋರ್ಡ್‌ನದೇ ಮೊಂಡಿಯೋ, ಫೋಕಸ್ ಕಾರುಗಳಲ್ಲಿ ಬಂದ ಎಂಜಿನ್ ಅದು. ಹಳೇದು 84 ಕುದುರೆಶಕ್ತಿಯ ಆಸುಪಾಸಿನದಾದರೆ ಇದು ಏನೂ ಮಾಡದೆಯೇ 130ರಷ್ಟು ಕೊಡುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಗೇರ್‌ಬಾಕ್ಸ್‌ಗೆ ಫೋರ್ಡ್ ಸಿಯೆರಾದ ಐದು ಗೇರಿನ ಟೈಪ್ 9.

ತೊಡಕು ಇರುವುದು ಇಲ್ಲಿ. ಝೆಟೆಕ್ ಹುಟ್ಟಿದ್ದು ಮುಂದಿನ ಚಕ್ರ ಎಳೆಯುವ ಕಾರಿಗೆ. ಅದು ಬಾನೆಟ್ ಒಳಗೆ ಅಡ್ಡಡ್ಡ ಕೂರುತ್ತದೆ. ನನಗೆ ಬೇಕಿದ್ದದ್ದು ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುವ ಎಂಜಿನ್. ಮುಂದೆ ಬಂದ ತಾಪತ್ರಯದಲ್ಲಿ ಮುಕ್ಕಾಲು ಪಾಲು ಈ ಒಂದು ತಿರುವಿನಿಂದಲೇ ಬಂದದ್ದು.

ನಮ್ಮಪ್ಪ ಹಾಸನದಲ್ಲಿ ಗ್ಯಾರೇಜ್ ನಡೆಸಿದವರು. ಅಂಬಾಸಿಡರ್‌ಗೆ ಮಟಡೋರ್‌ನ ಡೀಸೆಲ್ ಎಂಜಿನ್ ಇಳಿಸುತ್ತಿದ್ದ ಕಾಲದ ಮೆಕ್ಯಾನಿಕ್. ಫೋನಿನಲ್ಲಿ ವಿಷಯ ಹೇಳಿದೆ. "ಎಂಜಿನ್ ಆಮೇಲೆ ನೋಡೋ ಮಗ, ಮೊದಲು ಗೇರ್‌ಬಾಕ್ಸ್ ಕೂರಿಸು" ಅಂದರು. "ಯಾಕಪ್ಪ?" ಅಂದೆ. "ಗೇರ್ ಲಿವರ್ ಕೈಗೆ ಸಿಗೋ ಜಾಗ ಒಂದೇ ಇರುತ್ತೆ. ಎಂಜಿನ್ನಿಗೆ ನಾಲ್ಕು ಬೆರಳು ಆಕಡೆ ಈಕಡೆ ಆದ್ರೂ ನಡೆಯುತ್ತೆ" ಅಂದರು.

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಮಾತು. ಟೈಪ್ 9 ಹಳೆ ಬಾಕ್ಸಿಗಿಂತ ಉದ್ದ. ಲಿವರ್ ಇನ್ನೂ ಹಿಂದಕ್ಕೆ ಬರುತ್ತದೆ. ಎಂಜಿನ್ ಮೊದಲು ಕೂರಿಸಿದ್ದರೆ ಲಿವರ್ ನನ್ನ ಮೊಣಕೈ ಹತ್ತಿರ ಬಂದಿರುತ್ತಿತ್ತು. ಖಾಲಿ ಗೇರ್‌ಬಾಕ್ಸನ್ನು ಮರದ ತುಂಡುಗಳ ಮೇಲೆ ಇಟ್ಟೆ. ಸೀಟಿನಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ಮೂರನೇ ಗೇರಿಗೆ ಕೈ ಚಾಚಿ ನೋಡಿದೆ. ಸರಿ ಅನ್ನಿಸಿದ ಜಾಗಕ್ಕೆ ಗುರುತು ಹಾಕಿದೆ. ಗೇರ್‌ಬಾಕ್ಸ್ ಮೇಲೆ ಮುಚ್ಚುವ ಟನಲ್‌ನ ತಗಡು ಕತ್ತರಿಸಿ ಅಗಲ ಮಾಡಬೇಕಾಯಿತು. ಬಾಕ್ಸನ್ನು ಕೆಳಗಿನಿಂದ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್ ಮೆಂಬರ್, ಹೊಸದಾಗಿ ವೆಲ್ಡ್ ಮಾಡಿದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿಸುವ ಬೆಲ್ ಹೌಸಿಂಗ್ ಸುಲಭವಾಯಿತು. ಫೋರ್ಡ್‌ನದೇ 1.8 ಲೀಟರ್ ಸಿವಿಎಚ್ ಎಂಬ ಎಂಜಿನ್ ಇದ್ದ ಸಿಯೆರಾದ ಬೆಲ್ ಹೌಸಿಂಗ್ ಝೆಟೆಕ್‌ನ ಬೋಲ್ಟ್ ತೂತುಗಳಿಗೆ ಬಹುತೇಕ ಹೊಂದುತ್ತದೆ. ಬಾಕ್ಸ್ ಕೂಡ ಅದೇ ಕಾರಿನಿಂದ ತಂದೆ. ಕ್ಲಚ್ ಪ್ಲೇಟ್ ಮಾತ್ರ ಮೊಂಡಿಯೋದ್ದು ಹಾಕುವ ಹಾಗಿಲ್ಲ. ಟೈಪ್ 9ರ ಶಾಫ್ಟ್ ಒಂದು ಇಂಚು ದಪ್ಪ, 23 ಹಲ್ಲು. ಅದಕ್ಕೆ ಹೊಂದುವ ಪ್ಲೇಟೇ ಬೇಕು.

ಸ್ಪಿಗಾಟ್ ಬೇರಿಂಗ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇದನ್ನು ಮರೆಯುವವರೇ ಜಾಸ್ತಿ. ಉದ್ದಕ್ಕೆ ಕೂರುವ ಎಂಜಿನ್ನಿನಲ್ಲಿ ಗೇರ್‌ಬಾಕ್ಸ್ ಶಾಫ್ಟಿನ ತುದಿ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡದ) ಹಿಂತುದಿಯಲ್ಲಿರುವ ಸಣ್ಣ ಬೇರಿಂಗಿನೊಳಗೆ ಕೂರುತ್ತದೆ. ಅಡ್ಡ ಎಂಜಿನ್ನಿಗೆ ಅದು ಬೇಕಿರಲಿಲ್ಲ, ಹಾಗಾಗಿ ನನ್ನ ಝೆಟೆಕ್‌ನಲ್ಲಿ ಇರಲೂ ಇಲ್ಲ. ಅದಿಲ್ಲದೆ ಓಡಿಸಿದರೆ ಶಾಫ್ಟಿನ ತುದಿಗೆ ಆಧಾರವಿಲ್ಲದೆ ಅಲುಗಾಡಿ ಬಾಕ್ಸಿನ ಬೇರಿಂಗ್ ಹಾಳಾಗುತ್ತದೆ. ಲೇತ್‌ನಲ್ಲಿ ಒಂದು ಬುಷ್ (ಲೋಹದ ಬಳೆ) ಮಾಡಿಸಿ ಅದರೊಳಗೆ ಬೇರಿಂಗ್ ಕೂರಿಸಿದೆ. ಬುಷ್ ಕೂದಲೆಳೆಯಷ್ಟು ವಾರೆಯಾಗಿ ಕೂತಿತ್ತು. ಬಾಕ್ಸ್ ಕೊನೆಯ ಅರ್ಧ ಇಂಚು ಒಳಗೆ ಹೋಗಲಿಲ್ಲ. ರಾತ್ರಿ ಹನ್ನೊಂದು ಗಂಟೆಯಾಗಿತ್ತು. ಬೋಲ್ಟ್ ಬಿಗಿ ಮಾಡಿದರೆ ಎಳೆದುಕೊಳ್ಳುತ್ತದೆ ಅಂದುಕೊಂಡೆ. ಟಕ್ ಅಂತ ಸದ್ದು ಬಂತು. ಬೆಲ್ ಹೌಸಿಂಗಿನಲ್ಲಿ ಬೋಲ್ಟ್ ಕೂರುವ ಒಂದು ಕಿವಿ ಸೀಳಿತ್ತು. ಅಲ್ಯೂಮಿನಿಯಮ್ ಅಲ್ವಾ, ಬಾಗೋದಿಲ್ಲ, ಒಡೆಯುತ್ತದೆ. ಇನ್ನೊಂದು ಬೆಲ್ ಹೌಸಿಂಗ್ ಹುಡುಕಲು ಮೂರು ವಾರ ಹಿಡಿಯಿತು. ಬಾಕ್ಸ್ ಕೈಯಲ್ಲೇ ಪೂರ್ತಿ ಒಳಗೆ ಹೋಗಬೇಕು. ಹೋಗಲಿಲ್ಲ ಅಂದರೆ ಹೊರಗೆ ತೆಗೆದು ನೋಡಿ. ಬೋಲ್ಟಿಗೆ ಆ ಕೆಲಸ ಕೊಡಬೇಡಿ.

ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇನ್ನೊಂದು ಕಥೆ. ಝೆಟೆಕ್‌ನ ಚೇಂಬರ್ ಆಳ ಜಾಸ್ತಿ. ಹಾಗೇ ಇಟ್ಟರೆ ಒಂದೋ ಚಾಸಿಯ ಅಡ್ಡಪಟ್ಟಿಗೆ ತಾಗುತ್ತದೆ, ಇಲ್ಲ ರೋಡ್ ಹಂಪಿಗೆ. ಎಂಜಿನ್ ಎತ್ತಿದರೆ ಬಾನೆಟ್ ಮುಚ್ಚುವುದಿಲ್ಲ. ಹಿಂದಿನ ಚಕ್ರದ ಗಾಡಿಗಂತಲೇ ಮಾಡಿದ ಗಿಡ್ಡ ಚೇಂಬರ್ ಕೊಂಡೆ, ಆಯಿಲ್ ಎಳೆಯುವ ಪೈಪ್ ಸಮೇತ. ಆ ಪೈಪಿನ ಬಾಯಿಗೂ ಚೇಂಬರಿನ ತಳಕ್ಕೂ ಎಷ್ಟು ಜಾಗ ಉಳಿದಿದೆ ಅಂತ ಮೆತ್ತನೆ ಜೇಡಿಮಣ್ಣಿನ ಉಂಡೆ ಇಟ್ಟು ಒತ್ತಿ ಅಳೆದೆ. ಒಳಗೆ ತಡೆಹಲಗೆ ಇರುವಂಥದ್ದೇ ಆರಿಸಿ. ಹಗುರ ಗಾಡಿ ತಿರುವಿನಲ್ಲಿ ಜೋರಾಗಿ ತಿರುಗಿದಾಗ ಆಯಿಲ್ ಒಂದು ಬದಿಗೆ ಓಡಿ ಪಂಪ್ ಗಾಳಿ ಎಳೆಯುತ್ತದೆ.

ಎಂಜಿನ್ ತಂಪು ಮಾಡುವ ನೀರಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಇರುವುದು ಫ್ಲೈವೀಲ್ ಬದಿಯ, ಅಂದರೆ ಗೇರ್‌ಬಾಕ್ಸ್ ಸೇರುವ ತುದಿಯಲ್ಲಿ. ಅಡ್ಡ ಕೂತಾಗ ತೊಂದರೆ ಇಲ್ಲ. ಉದ್ದಕ್ಕೆ ತಿರುಗಿಸಿದರೆ ಅದು ನೇರ ಡ್ಯಾಶ್‌ಬೋರ್ಡ್ ಹಿಂದಿನ ಗೋಡೆಗೆ ಹೋಗಿ ಗುದ್ದುತ್ತದೆ. ಚಪ್ಪಟೆ ಹೌಸಿಂಗ್ ಹಾಕಿ, ನೀರನ್ನು ಪೈಪಿನಲ್ಲಿ ಮುಂದಕ್ಕೆ ತಂದೆ. ಗಾಳಿ ಸಿಕ್ಕಿಕೊಳ್ಳದಂತೆ ಎತ್ತರದ ಜಾಗದಲ್ಲಿ ಒಂದು ಸಣ್ಣ ನಳಿಕೆ ಕೊಟ್ಟೆ.

ಪೆಟ್ರೋಲ್‌ಗೆ ಸುಜುಕಿ ಬೈಕಿನ ನಾಲ್ಕು ಕಾರ್ಬುರೇಟರ್. ಕಿಡಿಗೆ ಎಲೆಕ್ಟ್ರಾನಿಕ್ ಬಾಕ್ಸ್. ಝೆಟೆಕ್‌ನ ಫ್ಲೈವೀಲಿನಲ್ಲೇ 36 ಗುರುತುಗಳಿಗೆ ಜಾಗವಿದ್ದು, ಅದರಲ್ಲಿ ಒಂದನ್ನು ಖಾಲಿ ಬಿಟ್ಟಿದ್ದಾರೆ. ಸೆನ್ಸರ್ ಅದನ್ನು ಓದಿ ಕ್ರ್ಯಾಂಕ್ ಎಲ್ಲಿದೆ ಅಂತ ತಿಳಿಯುತ್ತದೆ. ಇದಕ್ಕೆ ಒಂದು ಭಾನುವಾರ ಸಾಕಾಯಿತು.

ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನಲ್ಲಿ ಮತ್ತೆ ಎಡವಿದೆ. ಕಾರು ಸ್ಟ್ಯಾಂಡಿನ ಮೇಲಿದ್ದಾಗ, ಹಿಂದಿನ ಚಕ್ರ ನೇತಾಡುತ್ತಿದ್ದಾಗ ಅಳತೆ ತೆಗೆದು ಶಾಫ್ಟ್ ಗಿಡ್ಡ ಮಾಡಿಸಲು ಕೊಟ್ಟೆ. ಹಿಂದಿನ ಹೌಸಿಂಗ್ ಕೆಳಗಿಳಿದಾಗ ಮತ್ತು ಗಾಡಿ ತನ್ನ ಭಾರದಲ್ಲಿ ನಿಂತಾಗ ದೂರ ಬೇರೆ ಬೇರೆ. ಶಾಫ್ಟ್ ಬಂತು, ಹಾಕಿದೆ, ಗಾಡಿ ನೆಲಕ್ಕಿಳಿಸಿದರೆ ಶಾಫ್ಟಿನ ಮುಂದಿನ ಜಾರುವ ತುದಿ, ಅಂದರೆ ಯೋಕ್, ಬಾಕ್ಸಿನೊಳಗೆ ತಳ ಮುಟ್ಟುತ್ತಿತ್ತು. ಎರಡನೇ ಸಲ ಚಕ್ರ ನೆಲದ ಮೇಲಿಟ್ಟು, ಸೀಟಿನಲ್ಲಿ ಇಬ್ಬರ ತೂಕ ಹೇರಿ ಅಳೆದೆ. 25 ಮಿ.ಮೀ. ಜಾರುವ ಜಾಗ ಬಿಟ್ಟೆ. ಬಾಕ್ಸಿನ ಕೋನ, ಹೌಸಿಂಗಿನ ಕೋನ ಎರಡೂ ಒಂದೇ ಆಗುವ ಹಾಗೆ ತೆಳು ತಗಡು ಕೊಟ್ಟು ಸರಿಮಾಡಿದೆ. ಇಲ್ಲದಿದ್ದರೆ ಶಾಫ್ಟಿನ ಎರಡು ತುದಿಯ ಕೀಲುಗಳು (ಕ್ರಾಸ್‌ಗಳು) ಒಂದರ ನಡುಕವನ್ನು ಇನ್ನೊಂದು ಅಳಿಸುವುದಿಲ್ಲ.

ಕಾಗದದ ಕೆಲಸ ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಆಗ ಇಲ್ಲಿ ಗಾಡಿಯನ್ನು ತುಂಬಾ ಬದಲಾಯಿಸಿದರೆ ವಾಹನ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿವಿಎಲ್‌ಎ, ಉಳಿದ ಹಳೆ ಭಾಗಗಳಿಗೆ ಅಂಕ ಎಣಿಸುತ್ತಿತ್ತು. ಹಳೆ ನಂಬರ್ ಉಳಿಯಲು 8 ಅಂಕ ಬೇಕಿತ್ತು. ಚಾಸಿಗೆ 5, ಸಸ್ಪೆನ್ಶನ್, ಆಕ್ಸಲ್, ಸ್ಟೀರಿಂಗ್, ಟ್ರಾನ್ಸ್‌ಮಿಷನ್ ತಲಾ 2, ಎಂಜಿನ್ನಿಗೆ ಬರೀ 1. ನಾನು ಎಂಜಿನ್, ಗೇರ್‌ಬಾಕ್ಸ್ ಎರಡೂ ಬದಲಿಸಿದ ಮೇಲೂ 11 ಉಳಿಯಿತು. ಹೊಸ ಎಂಜಿನ್ ನಂಬರ್ ಮತ್ತು ಸಿಸಿ ಬರೆದು ವಿ5ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಕಳಿಸಿದೆ. ಇನ್ಶೂರೆನ್ಸ್‌ನವರಿಗೆ ಗಾಡಿ ರೋಡಿಗಿಳಿಯುವ ಮೊದಲೇ ಹೇಳಿದೆ.

ಹಿಂದಿನ ಹೌಸಿಂಗ್ ಮಾತ್ರ ಹಳೆ ಎಸ್ಕಾರ್ಟ್‌ನದ್ದೇ, 3.54 ಅನುಪಾತದ್ದು, ಅಂದರೆ ಶಾಫ್ಟ್ 3.54 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಟೈಪ್ 9ರ ಐದನೇ ಗೇರ್ 0.82, ಅಂದರೆ ಶಾಫ್ಟಿನ ಒಂದು ಸುತ್ತಿಗೆ ಎಂಜಿನ್ 0.82 ಸುತ್ತು. ನನ್ನ 13 ಇಂಚಿನ ಚಕ್ರದಲ್ಲಿ ಲೆಕ್ಕ ಹಾಕಿದರೆ 70 ಮೈಲಿಗೆ 3,150 ಆರ್‌ಪಿಎಮ್ ಸುತ್ತಮುತ್ತ ಬರಬೇಕಿತ್ತು. ಏಪ್ರಿಲ್‌ನಲ್ಲಿ ಮೊದಲ ಸಲ ಮೋಟರ್‌ವೇಗೆ ತಗೊಂಡು ಹೋದೆ. ಐದನೇ ಗೇರಿಗೆ ಹಾಕಿದೆ. ಮುಳ್ಳು ಇಳಿದು ಅಲ್ಲೇ ನಿಂತಿತು. ಮಗಳು "ಅಪ್ಪಾ, ರೇಡಿಯೋ ಹಾಕಿಸಬಹುದಲ್ವಾ" ಅಂದಳು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಂಜೆ ಅಪ್ಪನಿಗೆ ಫೋನ್ ಹಿಡಿದು ಐಡಲ್ ಸದ್ದು ಕೇಳಿಸಿದೆ. ಸುಮ್ನೆ ಕೇಳಿಸಿಕೊಂಡರು. ಆಮೇಲೆ "ಕ್ಲಚ್ ಕೇಬಲ್ ಸೈಲೆನ್ಸರ್ ಹತ್ತಿರ ಹೋಗಿಲ್ಲ ತಾನೇ?" ಅಂತ ಕೇಳಿದರು.

ಹೋಗಿತ್ತು. ಮಾರನೇ ದಿನ ಮಧ್ಯೆ ಒಂದು ತಗಡಿನ ತಡೆ ಹಾಕಿದೆ. ಐನೂರು ಮೈಲಿ ಆದ ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಬಿಗಿ ನೋಡಿದೆ. ಎಡಗಡೆಯ ಎಂಜಿನ್ ಮೌಂಟಿಂಗ್ ರಬ್ಬರ್ ಆಗಲೇ ಕುಗ್ಗಿತ್ತು. ಸ್ವಲ್ಪ ಗಟ್ಟಿ ರಬ್ಬರಿನದು ತಂದಿಟ್ಟಿದ್ದೇನೆ, ಈ ಶನಿವಾರ ಹಾಕಬೇಕು.