13 ಸೆಂಟ್ ಮಳೆ ಎಲ್ಲಿ ಹೋಯಿತು?

ನಾಪೋಕ್ಲು ಹತ್ತಿರದ ನಮ್ಮ ಕಾಫಿ ತೋಟದಲ್ಲಿ ಮಳೆ ಅಳೆಯುವುದು ಇಂಚು, ಸೆಂಟ್‌ನಲ್ಲೇ. 100 ಸೆಂಟ್ ಅಂದ್ರೆ ಒಂದು ಇಂಚು. ಅಪ್ಪ ದಿನಾ ಬೆಳಗ್ಗೆ ಅಳತೆ ಗ್ಲಾಸ್‌ಗೆ ನೀರು ಸುರಿದು ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಅವರ ಮಳೆಮಾಪಕದ ಪಕ್ಕದಲ್ಲೇ ನಾನೊಂದು ಎಲೆಕ್ಟ್ರಾನಿಕ್ ಮಾಪಕ ನಿಲ್ಲಿಸಿದೆ. ಅದರೊಳಗೆ ಎರಡು ಪುಟ್ಟ ಬಟ್ಟಲು. ಒಂದು ಸೆಂಟ್ ನೀರು ತುಂಬಿದ ಕೂಡಲೇ ಒಂದು ವಾಲಿ ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಪ್ರತಿ ಸಲ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೆಲಸ ಮಾಡುವ ಪುಟ್ಟ ಸ್ವಿಚ್) ಒಂದು ಟಿಕ್ ಕೊಡುತ್ತದೆ.

ಎಣಿಸುವುದಕ್ಕೆ ರಾಸ್ಪ್‌ಬೆರಿ ಪೈ ಪಿಕೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್. ಅದರ ಆರ್‌ಪಿ2040 ಚಿಪ್‌ನಲ್ಲಿ ಎರಡು ಕೋರ್ (ಒಟ್ಟೊಟ್ಟಿಗೆ ಕೆಲಸ ಮಾಡುವ ಎರಡು ಮಿದುಳು ಇದ್ದ ಹಾಗೆ), 264 ಕೆಬಿ ಮೆಮೊರಿ ಎರಡಕ್ಕೂ ಸೇರಿದ್ದು. ಕೋರ್ 1 ಟಿಕ್ ಎಣಿಸುತ್ತದೆ. ಕೋರ್ 0 ನಿಮಿಷಕ್ಕೊಮ್ಮೆ ಎಣಿಕೆ ಓದಿ, ಎಸ್‌ಡಿ ಕಾರ್ಡ್‌ಗೆ ಬರೆದು, ದೂರಕ್ಕೆ ತಲುಪುವ ಲೋರಾ ರೇಡಿಯೋದಲ್ಲಿ ಮನೆಗೆ ಕಳಿಸಿ, ಕೊನೆಗೆ ಸೊನ್ನೆ ಮಾಡುತ್ತದೆ. ಎರಡರ ನಡುವೆ ಎಣಿಕೆ ಇಡಲು ಒಂದೇ ವೇರಿಯಬಲ್. ಅದಕ್ಕೆ ಕೋಡ್‌ನಲ್ಲಿ ವೊಲಟೈಲ್ ಅನ್ನೋ ಪದ ಸೇರಿಸಿದೆ, ಸಾಕು ಅಂದುಕೊಂಡೆ.

ಕಾಫಿ ಹೂ ಬಿಡಿಸುವ ಹೂಮಳೆ ಹೊತ್ತಿಗೆ ಒಂದೆರಡು ಸೆಂಟ್ ವ್ಯತ್ಯಾಸ ಬಂತು. ಗಾಳಿ ಇರಬೇಕು ಅಂತ ಸುಮ್ನಾದೆ. ಜೋರು ಮಳೆಯ ಕಕ್ಕಡ ತಿಂಗಳ ಒಂದು ಬೆಳಗ್ಗೆ ಅಪ್ಪನ ಡೈರಿಯಲ್ಲಿ 4 ಇಂಚು 20 ಸೆಂಟ್, ನನ್ನ ಕಾರ್ಡ್‌ನಲ್ಲಿ 4 ಇಂಚು 7.

"ಎರಡು ಸಲ ಅಳೆದಿದ್ದೇನೆ ಮಗ, ಗ್ಲಾಸ್ ಸರಿ ಇದೆ" ಅಂದರು ಅಪ್ಪ.

ಬಟ್ಟಲು, ಸ್ವಿಚ್, ವೈರ್ ಎಲ್ಲ ಬಿಚ್ಚಿ ನೋಡಿದೆ. ಸರಿಯಾಗಿದ್ದವು. ಕೋರ್ 0 ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದಾಗ ವಿಷಯ ಗೊತ್ತಾಯಿತು. ಕಾರ್ಡ್, ರೇಡಿಯೋ ಸೇರಿ ಸುಮಾರು 2 ಸೆಕೆಂಡ್. ಓದಿದ ಮೇಲೆ, ಸೊನ್ನೆ ಮಾಡುವ ಮೊದಲು ಬಂದ ಟಿಕ್ ಎಲ್ಲ ಅಳಿಸಿಹೋಗುತ್ತಿತ್ತು. 60 ಸೆಕೆಂಡಿನಲ್ಲಿ 2, ಅಂದ್ರೆ 30ಕ್ಕೆ ಒಂದು. 420ರಲ್ಲಿ ಸುಮಾರು 14 ಹೋಗಬೇಕು, ಹೋದದ್ದು 13.

ಓದಿದ ತಕ್ಷಣ ಸೊನ್ನೆ ಮಾಡಿದರೆ ಆಯ್ತಲ್ವಾ? ಆಗಲ್ಲ. ಎಣಿಕೆಗೆ ಒಂದು ಕೂಡಿಸುವುದು ಕೋಡ್‌ನಲ್ಲಿ ಒಂದು ಸಾಲು, ಚಿಪ್‌ಗೆ ಮೂರು ಹೆಜ್ಜೆ: ಮೆಮೊರಿಯಿಂದ ತೆಗೆ, ಕೂಡಿಸು, ವಾಪಸ್ ಇಡು. ಕೋರ್ 1 ಕೈಯಲ್ಲಿ 3 ಹಿಡಿದಿರುವಾಗ ಕೋರ್ 0 ಸೊನ್ನೆ ಮಾಡಿತು ಅಂತಿಟ್ಟುಕೊಳ್ಳಿ. ಕೋರ್ 1 ಅದರ ಮೇಲೆಯೇ 4 ಇಟ್ಟುಬಿಡುತ್ತದೆ. ಹಳೇ 3 ಎರಡು ಸಲ ಲೆಕ್ಕಕ್ಕೆ ಬಂತು. ವೊಲಟೈಲ್ ಇದನ್ನು ತಡೆಯಲ್ಲ, ಪ್ರತಿ ಸಲ ಮೆಮೊರಿಗೇ ಹೋಗಿ ನೋಡುವ ಹಾಗೆ ಮಾಡುತ್ತದೆ ಅಷ್ಟೇ. ಮೂರೂ ಹೆಜ್ಜೆಯನ್ನು ಒಟ್ಟಿಗೆ ಮುಗಿಸುವ ಇನ್‌ಸ್ಟ್ರಕ್ಷನ್ ಈ ಕಾರ್ಟೆಕ್ಸ್ ಎಂ0+ ಕೋರ್‌ಗಳಲ್ಲಿ ಇಲ್ಲ. ಅದಕ್ಕೇ ಚಿಪ್‌ನಲ್ಲಿ 32 ಸ್ಪಿನ್‌ಲಾಕ್ ಕೊಟ್ಟಿದ್ದಾರೆ: ಒಂದು ಕೋರ್ ಲಾಕ್ ಹಿಡಿದಿದ್ದರೆ, ಅದೇ ಲಾಕ್ ಬೇಕಾದ ಇನ್ನೊಂದು ಕೋರ್ ಅದು ಬಿಡುವ ತನಕ ಕಾಯಬೇಕು.

ಅದನ್ನೂ ಬಳಸಿದೆ. ಆದರೆ ಕಾರ್ಡ್‌ಗೆ ಬರೆದು ಮುಗಿಯುವ ತನಕ ಲಾಕ್ ಬಿಡಲೇ ಇಲ್ಲ. ಕೋರ್ 1 ಕಾಯುತ್ತಾ ನಿಂತಿತು, ಟಿಕ್ ಮತ್ತೆ ತಪ್ಪಿತು. ಲಾಕ್ ಹಿಡಿದು ಎಣಿಕೆಯನ್ನು ನಕಲು ಮಾಡಿ ಕೂಡಲೇ ಬಿಡಬೇಕು, ನಿಧಾನದ ಕೆಲಸವೆಲ್ಲ ಆಮೇಲೆ.

ಈಗ ನನ್ನ ಕೋಡ್‌ನಲ್ಲಿ ಎಣಿಕೆಗೆ ಲಾಕೇ ಇಲ್ಲ. ಅದರಲ್ಲಿ ಬರೆಯುವುದು ಕೋರ್ 1 ಒಂದೇ. ಸೊನ್ನೆ ಮಾಡುವುದಿಲ್ಲ, ಏರುತ್ತಾ ಹೋಗಲಿ ಅಂತ ಬಿಟ್ಟಿದ್ದೇನೆ. ಕೋರ್ 0 ಓದಿ, ಹಿಂದಿನ ಸಲದ ಸಂಖ್ಯೆ ಕಳೆಯುತ್ತದೆ. 32 ಬಿಟ್‌ನ ಸಂಖ್ಯೆಯನ್ನು ಚಿಪ್ ಒಂದೇ ಸಲಕ್ಕೆ ಓದುತ್ತದೆ, ಅರ್ಧ ಹಳೇದು ಅರ್ಧ ಹೊಸದು ಬರಲ್ಲ. ಟಿಕ್ ಬಿದ್ದ ಸಮಯವನ್ನು ಎರಡು ಕೋರ್ ನಡುವಿನ ಫಿಫೋದಲ್ಲಿ (ಮೊದಲು ಬಂದದ್ದು ಮೊದಲು ಹೋಗುವ ಸಾಲು) ಕಳಿಸುತ್ತೇನೆ. ಅದರಲ್ಲಿ 8 ಜಾಗ. ಗಂಟೆಗೆ 4 ಇಂಚು ಸುರಿದರೂ 9 ಸೆಕೆಂಡಿಗೆ ಒಂದು ಟಿಕ್, ಹಾಗಾಗಿ ಕೋರ್ 0 ಎರಡು ಸೆಕೆಂಡ್ ತಡ ಮಾಡಿದರೆ ಏನೂ ಆಗಲ್ಲ.

ಮುಂದಿನ ಜೋರು ಮಳೆಗೆ ಅಪ್ಪನದು 3 ಇಂಚು 85, ನನ್ನದು 3 ಇಂಚು 84. ಮುಚ್ಚಳ ತೆಗೆದು ನೋಡಿದೆ. ಮೇಲಿನ ಬಟ್ಟಲು ಮುಕ್ಕಾಲು ತುಂಬಿತ್ತು, ಇನ್ನೂ ವಾಲಿರಲಿಲ್ಲ.